ಹಳೆಯ ಕೊಳವೆ, ಹೊಸ ಎಣಿಕೆ: ನೆಲದ ವಿಶ್ವಕಿರಣ ಶೋಧಕಗಳ ನವೀಕರಣ

ಸೂರ್ಯನ ಸ್ಫೋಟಗಳಿಂದ ಹೊಮ್ಮುವ ಕಣಗಳೂ ಕಾಂತಕ್ಷೇತ್ರವೂ ಭೂಮಿಯ ಸುತ್ತ ಉಂಟುಮಾಡುವ ಏರುಪೇರಿಗೆ ಬಾಹ್ಯಾಕಾಶ ಹವಾಮಾನವೆಂದು ಹೆಸರು. ಹಾಸನದಲ್ಲಿ 1982ರಲ್ಲಿ ಸ್ಥಾಪನೆಯಾಗಿ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಇದು ನಿತ್ಯದ ಕಾಳಜಿಯ ವಿಷಯ. 2024ರ ಮೇ ತಿಂಗಳ ಪ್ರಬಲ ಕಾಂತಚಂಡಮಾರುತದ ವೇಳೆ ಅಲ್ಲಿನ ತಂಡವು ಉಪಗ್ರಹಗಳ ಕೆಲವು ಉಪಕರಣಗಳನ್ನು ಮುನ್ನೆಚ್ಚರಿಕೆಯಿಂದ ಸ್ಥಗಿತಗೊಳಿಸಿತ್ತು.

ಇಂಥ ಚಂಡಮಾರುತದ ಸುಳಿವನ್ನು ನೆಲದಿಂದಲೂ ಹಿಡಿಯಬಹುದು. ಬಾಹ್ಯಾಕಾಶದಿಂದ ಬಂದೆರಗುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ, ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಮ್ಯೂಯಾನುಗಳು ನೆಲದವರೆಗೆ ಇಳಿಯುತ್ತವೆ. ಸೂರ್ಯನ ಕಾಂತಮೇಘವು ಭೂಮಿಯನ್ನು ಆವರಿಸಿದಾಗ ವಿಶ್ವಕಿರಣಗಳ ಒಳಹರಿವು ಬದಲಾಗುವುದರಿಂದ ಮ್ಯೂಯಾನುಗಳ ಎಣಿಕೆಯೂ ಬದಲಾಗುತ್ತದೆ.

ಈ ಎಣಿಕೆಯಲ್ಲಿ ಮುಂಚೂಣಿಯಲ್ಲಿರುವ, ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಡೆಸುವ ಗ್ರೇಪ್ಸ್-3 ಪ್ರಯೋಗದ ಬೇರು ಕೋಲಾರದ ಚಿನ್ನದ ಗಣಿಯಲ್ಲಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಆ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದರು. ವಾಯುಮಂಡಲದ ನ್ಯೂಟ್ರಿನೊಗಳು 1965ರಲ್ಲಿ ಅಲ್ಲಿಯೇ ಪತ್ತೆಯಾದವು. ಮುಂದೆ ನಡೆದ ಪ್ರೋಟಾನ್ ಕ್ಷಯ ಪ್ರಯೋಗದಿಂದ ಉಳಿದ ಉಕ್ಕಿನ ಚೌಕ ಕೊಳವೆಗಳೇ ಗ್ರೇಪ್ಸ್-3ರ ಮ್ಯೂಯಾನ್ ದೂರದರ್ಶಕಕ್ಕೆ ಒದಗಿದವು. ತಲಾ 6 ಮೀಟರ್ ಉದ್ದದ 3712 ಕೊಳವೆಗಳನ್ನು 16 ಘಟಕಗಳಲ್ಲಿ, ಪ್ರತಿ ಘಟಕದಲ್ಲಿ ನಾಲ್ಕು ಪದರಗಳಾಗಿ ಜೋಡಿಸಿದ 560 ಚದರ ಮೀಟರ್ ವಿಸ್ತಾರದ ಈ ವ್ಯವಸ್ಥೆಯು, ಒಳಗಿನ ಅನಿಲವನ್ನು ಸೀಳಿಹೋಗುವ ಕಣದ ವಿದ್ಯುತ್ ಮಿಡಿತದಿಂದ ಅದು ಬಂದ ದಿಕ್ಕನ್ನೂ ಗುರುತಿಸುತ್ತದೆ. 2015ರ ಜೂನ್ 22ರಂದು ಸುಮಾರು ಎರಡು ತಾಸು ಮ್ಯೂಯಾನುಗಳ ಪ್ರಮಾಣ ಉಕ್ಕಿದ್ದನ್ನು ದಾಖಲಿಸಿ, ಭೂಕಾಂತ ಕವಚ ತಾತ್ಕಾಲಿಕವಾಗಿ ದುರ್ಬಲಗೊಂಡಿತ್ತೆಂದು ಸಂಶೋಧಕರು ತೀರ್ಮಾನಿಸಲು ಸಾಧ್ಯವಾದದ್ದು ಈ ವಿಸ್ತಾರದಿಂದಲೇ.

ಆದ್ದರಿಂದ ನವೀಕರಣವೆಂದರೆ ಕೊಳವೆಗಳನ್ನು ಕಿತ್ತೆಸೆಯುವುದಲ್ಲ. ಗಟ್ಟಿಯಾದ ಉಕ್ಕನ್ನು ಉಳಿಸಿಕೊಂಡು, ಅದರ ಹಿಂದಿನ ಎಲೆಕ್ಟ್ರಾನಿಕ್ಸ್ ಅನ್ನು ಬದಲಿಸುವುದು. ಬೇಕಾದಂತೆ ಮರುಜೋಡಿಸಬಲ್ಲ ಎಫ್‌ಪಿಜಿಎ ಚಿಪ್‌ಗಳು ಪ್ರತಿಯೊಂದು ಮಿಡಿತಕ್ಕೂ ಅದರ ವೇಳೆಯನ್ನು ಸೇರಿಸಿ ದಾಖಲಿಸಬಲ್ಲವಾದ್ದರಿಂದ, ಮೊದಲೇ ಗೊತ್ತುಮಾಡಿದ ಎಣಿಕೆಯಲ್ಲಿ ಕಳೆದುಹೋಗುತ್ತಿದ್ದ ವಿವರಗಳನ್ನು ಮತ್ತೆ ಪರಿಶೀಲಿಸುವ ಅವಕಾಶ ದೊರೆಯುತ್ತದೆ. ಆದರೆ ವಾಯುಭಾರ ಮತ್ತು ಮೇಲ್ವಾಯುವಿನ ತಾಪಮಾನವೂ ಎಣಿಕೆಯನ್ನು ಏರಿಳಿಸುವುದರಿಂದ, ಸೂರ್ಯನ ಸುಮಾರು 11 ವರ್ಷಗಳ ಆವರ್ತವನ್ನು ದಾಟಿ ನಡೆಯಬೇಕಾದ ದಾಖಲೆಯಲ್ಲಿ ಯಂತ್ರದ ಬದಲಾವಣೆಯು ಸೂರ್ಯನ ಬದಲಾವಣೆಯಂತೆ ಕಾಣುವ ಅಪಾಯವಿದೆ. ಘಟಕಗಳು ಬಿಡಿಬಿಡಿಯಾಗಿರುವುದು ಇಲ್ಲಿ ವರವೇ ಸರಿ: ಒಂದೊಂದನ್ನೇ ಬದಲಿಸುತ್ತ, ಹಳೆಯ ಮತ್ತು ಹೊಸ ದಾಖಲೆಗಳನ್ನು ಕೆಲವು ಕಾಲ ಜೊತೆಜೊತೆಗೇ ನಡೆಸಿ ಹೋಲಿಸಿದ ಮೇಲಷ್ಟೇ ಹಳೆಯದನ್ನು ನಿಲ್ಲಿಸಬೇಕು.