ಬಸ್ಸು ಯಾರದು, ಡ್ರೈವರು ಯಾರು?

ಸಿಕಂದರಾಬಾದ್ ರೈಲು ನಿಲ್ದಾಣದ ಹೊರಗೆ ನಿಂತರೆ ‘ಇಸಿಐಎಲ್’ ಎಂದು ಬೋರ್ಡು ಹೊತ್ತ ಸಿಟಿ ಬಸ್ಸುಗಳು ಕಾಣುತ್ತವೆ. ಹೈದರಾಬಾದಿನವರಿಗೆ ಅದೊಂದು ಬಡಾವಣೆಯ ಹೆಸರಿದ್ದಂತೆ. ‘ನಮ್ಮ ಮನೆ ಇಸಿಐಎಲ್ ಹತ್ತಿರ’ ಅನ್ನುತ್ತಾರೆ, ‘ಇಸಿಐಎಲ್ ಕ್ರಾಸ್‌ರೋಡಿನಲ್ಲಿ ಇಳಿದುಕೊಳ್ಳಿ’ ಅನ್ನುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಎ.ಎಸ್. ರಾವ್ ನಗರ. ದಿನಾ ಅಲ್ಲಿ ಹತ್ತಿ ಇಳಿಯುವವರಲ್ಲಿ ಈ ಎರಡು ಹೆಸರುಗಳು ಎಲ್ಲಿಂದ ಬಂದವು ಎಂದು ಕೇಳಿಕೊಳ್ಳುವವರು ಕಡಿಮೆ. ಅವು ಬಂದದ್ದು ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಾರ್ಖಾನೆಯಿಂದ ಮತ್ತು ಅದನ್ನು ಕಟ್ಟಿದ ಅಯ್ಯಗಾರಿ ಸಾಂಬಶಿವ ರಾವ್ ಎಂಬ ಎಂಜಿನಿಯರರಿಂದ.

ಈ ಬಾರಿಯ ಪ್ರಬಂಧವೂ ಒಂದು ಬಸ್ಸಿನ ಬಗ್ಗೆಯೇ. ಆದರೆ ಅದು ರಸ್ತೆಯ ಮೇಲಿನದಲ್ಲ, ಕಂಪ್ಯೂಟರಿನ ಒಳಗಿನದು.

ರಸ್ತೆಯ ಬಸ್ಸಿನ ಹೆಸರು ‘ಓಮ್ನಿಬಸ್’ ಎಂಬ ಲ್ಯಾಟಿನ್ ಮಾತಿನ ಬಾಲ. ಅದರ ಅರ್ಥ ‘ಎಲ್ಲರಿಗಾಗಿ’. ಕಂಪ್ಯೂಟರಿನ ಬಸ್ಸಿಗೂ ಅದೇ ಮೂಲ. ಪ್ರೊಸೆಸರ್, ಮೆಮೊರಿ, ಡಿಸ್ಕು, ಪ್ರಿಂಟರು, ಕೀಲಿಮಣೆ, ಎಲ್ಲಕ್ಕೂ ಸಾಮಾನ್ಯವಾದ ತಂತಿಗಳ ಒಂದು ಸಾಲು. ಯಾರು ಯಾವಾಗ ಹತ್ತಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎನ್ನುವುದಕ್ಕೆ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಆ ತಂತಿಗಳಿಗೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ತನ್ನದೇ ಭಾಷೆ ಇರುತ್ತದೆ. ಆ ಭಾಷೆಯನ್ನು ಬಲ್ಲ ಸಣ್ಣ ಪ್ರೋಗ್ರಾಮೇ ಡಿವೈಸ್ ಡ್ರೈವರ್. ಅದು ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ, ಅಂದರೆ ಕರ್ನಲ್‌ನಲ್ಲಿ ಕೂತಿರುತ್ತದೆ. ನೀವು ಬರೆದ ಪತ್ರವನ್ನು ಪ್ರಿಂಟರಿಗೆ ಕಳಿಸಿದಾಗ ಪತ್ರ ಬರೆಯುವ ತಂತ್ರಾಂಶಕ್ಕೆ ಪ್ರಿಂಟರಿನ ಗಂಧಗಾಳಿಯೂ ಗೊತ್ತಿರುವುದಿಲ್ಲ. ಅದನ್ನೆಲ್ಲ ಬಲ್ಲವನು ಡ್ರೈವರ್.

ಈ ಡ್ರೈವರನ್ನು ಬರೆಯುವ ಕೆಲಸಕ್ಕೆ ಹೈದರಾಬಾದಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ಹಿಂಬಾಲಿಸಿದರೆ ನಮ್ಮ ತಾಂತ್ರಿಕ ಸ್ವಾವಲಂಬನೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎನ್ನುವುದು ಭಾಷಣಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

1962ರ ಚೀನಾ ಯುದ್ಧದ ಪೆಟ್ಟು ತಿಂದ ಮೇಲೆ ಎಲೆಕ್ಟ್ರಾನಿಕ್ಸ್‌ನಲ್ಲಿ ದೇಶ ಎಷ್ಟು ಹಿಂದಿದೆ ಎಂದು ನೋಡಲು ಹೋಮಿ ಭಾಭಾ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಯಿತು. ಅದರ ವರದಿ 1966ರಲ್ಲಿ ಹೊರಬರುವ ಹೊತ್ತಿಗೆ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮರುವರ್ಷ, 1967ರ ಏಪ್ರಿಲ್ 11ರಂದು, ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಇಸಿಐಎಲ್ ಹುಟ್ಟಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ಸ್ಟ್ಯಾನ್‌ಫರ್ಡ್‌ನಲ್ಲೂ ಓದಿ, ಟ್ರಾಂಬೆಯಲ್ಲಿ ಅಣು ವಿಜ್ಞಾನಕ್ಕೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕಟ್ಟಿಸಿದ್ದ ಎ.ಎಸ್. ರಾವ್ ಅದರ ಮೊದಲ ಮುಖ್ಯಸ್ಥರಾದರು. ಟ್ರಾಂಬೆಯಲ್ಲಿ ರೂಪುಗೊಂಡು 1969ರಲ್ಲಿ ಕೆಲಸ ಶುರುಮಾಡಿದ ಟಿಡಿಸಿ-12 ಎಂಬ ಕಂಪ್ಯೂಟರನ್ನು ತಯಾರಿಸಿ ಮಾರುವ ಹೊಣೆ ಹೈದರಾಬಾದಿಗೆ ಬಂತು. ಟಿಡಿಸಿ ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. 12 ಎಂದರೆ ಅದು ಒಂದು ಸಲಕ್ಕೆ ಹಿಡಿಯುವ ಬಿಟ್‌ಗಳ ಸಂಖ್ಯೆ. ಅದರ ಮೆಮೊರಿ 4 ಸಾವಿರ ಪದಗಳಷ್ಟು. ಈವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋದ ಮೂಲೆಯೂ ಅದರಲ್ಲಿ ಹಿಡಿಸದು. 1974ರಲ್ಲಿ ಟಿಡಿಸಿ-312, 1975ರಲ್ಲಿ 16 ಬಿಟ್‌ಗಳ ಟಿಡಿಸಿ-316 ಬಂದವು.

ಅದೇ ಹೊತ್ತಿಗೆ ಜಗತ್ತಿನಲ್ಲಿ ಕಂಪ್ಯೂಟರು ಸಾಧನಗಳ ಜೊತೆ ಮಾತಾಡುವ ರೀತಿಯೇ ಬದಲಾಗುತ್ತಿತ್ತು. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ 12 ಬಿಟ್‌ಗಳ ಪಿಡಿಪಿ-8 (1965) ಯಂತ್ರದಲ್ಲಿ ಸಾಧನಗಳಿಗೆಂದೇ ಬೇರೆ ಆಜ್ಞೆಗಳಿದ್ದವು: ಕೀಲಿಮಣೆಗೊಂದು ಸಂಖ್ಯೆ, ಟೆಲಿಪ್ರಿಂಟರಿಗೊಂದು ಸಂಖ್ಯೆ. 1970ರಲ್ಲಿ ಅದೇ ಕಂಪನಿ ತಂದ ಪಿಡಿಪಿ-11ರಲ್ಲಿ ‘ಯುನಿಬಸ್’ ಎಂಬ ಒಂದೇ ಬಸ್ಸು. ಅದರ ಮೇಲೆ ಮೆಮೊರಿಗೆ ಹೇಗೆ ವಿಳಾಸವಿತ್ತೋ ಹಾಗೆಯೇ ಸಾಧನಗಳಿಗೂ ವಿಳಾಸ. 177560 ಎಂಬ ವಿಳಾಸದಲ್ಲಿ ಇಣುಕಿದರೆ ಕೀಲಿಮಣೆಯ ಸ್ಥಿತಿ ಕಾಣುತ್ತಿತ್ತು. ಒಂದು ಕೀಲಿ ಒತ್ತಿದ ಕೂಡಲೇ ಅಲ್ಲಿ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಏರುತ್ತಿತ್ತು. ಪಕ್ಕದ 177562ಕ್ಕೆ ಹೋದರೆ ಒತ್ತಿದ ಅಕ್ಷರ ಸಿಗುತ್ತಿತ್ತು. ಡ್ರೈವರ್ ಎರಡು ರೀತಿ ಕೆಲಸ ಮಾಡಬಹುದಿತ್ತು. ಬಾಗಿಲಲ್ಲೇ ಕೂತು ‘ಬಂತಾ, ಬಂತಾ’ ಎಂದು ನೋಡುತ್ತಿರುವುದು ಒಂದು. ‘ಬಂದಾಗ ಬಾಗಿಲು ತಟ್ಟು’ ಎಂದು ಹೇಳಿ ಬೇರೆ ಕೆಲಸಕ್ಕೆ ಹೋಗುವುದು ಇನ್ನೊಂದು. ಆ ಬಾಗಿಲು ತಟ್ಟುವಿಕೆಯ ಹೆಸರೇ ಇಂಟರಪ್ಟ್.

ಅದೇ ಪಿಡಿಪಿ-11ರ ಮೇಲೆ ಬೆಳೆದ ಯುನಿಕ್ಸ್, 1973ರಲ್ಲಿ ಸಿ ಭಾಷೆಯಲ್ಲಿ ಮತ್ತೆ ಬರೆಯಲ್ಪಟ್ಟಾಗ, ಡ್ರೈವರುಗಳಿಗೊಂದು ಶಿಸ್ತು ತಂದಿತು. ತೆರೆ, ಮುಚ್ಚು, ಓದು, ಬರೆ, ಇಂತಹ ಕೆಲವೇ ಕೆಲಸಗಳ ಪಟ್ಟಿಯನ್ನು ಪ್ರತಿ ಡ್ರೈವರೂ ತುಂಬಿಕೊಡಬೇಕು; ಉಳಿದದ್ದನ್ನು ಕರ್ನಲ್ ನೋಡಿಕೊಳ್ಳುತ್ತದೆ. ಇವತ್ತಿನ ಲಿನಕ್ಸ್ ಡ್ರೈವರುಗಳ ಅಸ್ಥಿಪಂಜರ ಈಗಲೂ ಬಹುಮಟ್ಟಿಗೆ ಅದೇ.

ಹೈದರಾಬಾದಿಗೆ ಮರಳೋಣ. ಟಿಡಿಸಿ ಯಂತ್ರಗಳ ಒಳಗಿನ ಬಸ್ಸು ನಮ್ಮ ಎಂಜಿನಿಯರುಗಳ ಕೈಯಲ್ಲಿತ್ತು. ಯಾವ ತಂತಿಯಲ್ಲಿ ಯಾವ ಸಂಕೇತ ಹೋಗುತ್ತದೆ ಎಂದು ತಿಳಿಯಲು ಅವರು ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ. ಆದರೆ ಆ ಬಸ್ಸಿಗೆ ಜೋಡಿಸಬೇಕಾದ ಡಿಸ್ಕು, ಟೇಪು, ಪ್ರಿಂಟರುಗಳಲ್ಲಿ ಬಹಳಷ್ಟು ಹೊರಗಿನಿಂದ ಬರಬೇಕಿತ್ತು. ಸಿದ್ಧ ತಂತ್ರಾಂಶದ ಮಾರುಕಟ್ಟೆ ಇರಲಿಲ್ಲ. ಪ್ರತಿ ಹೊಸ ಸಾಧನಕ್ಕೂ ಯಾರಾದರೂ ಕೂತು, ಅದರ ಕೈಪಿಡಿಯನ್ನು ಸಾಲುಸಾಲಾಗಿ ಓದಿ, ಈ ಬಸ್ಸಿನ ಭಾಷೆಗೆ ಒಗ್ಗಿಸಬೇಕಿತ್ತು. ವಿಶ್ವವಿದ್ಯಾಲಯಗಳೂ ಸರ್ಕಾರಿ ಪ್ರಯೋಗಾಲಯಗಳೂ ಕೊಂಡ ಈ ಯಂತ್ರಗಳ ಬಗ್ಗೆ ಆ ಕಾಲದಲ್ಲಿ ಕೇಳಿಬರುತ್ತಿದ್ದ ದೂರುಗಳು ಬೆಲೆ ಹೆಚ್ಚು, ಕೈಗೆ ಸಿಗುವುದು ತಡ, ತಂತ್ರಾಂಶ ಕಡಿಮೆ ಎಂಬುವು. ದೂರಿನಲ್ಲಿ ಹುರುಳಿತ್ತು. ಯಂತ್ರ ಕಟ್ಟುವುದೇ ದೊಡ್ಡ ಸಾಹಸ, ತಂತ್ರಾಂಶ ಅದರ ಬಾಲ ಎಂಬ ಭಾವನೆ ಆಗ ಎಲ್ಲೆಡೆ ಇತ್ತು. ಯಂತ್ರಕ್ಕಿಂತ ಹೆಚ್ಚು ಕಾಲ ಬದುಕುವುದು ಅದನ್ನು ನಡೆಸುವ ವಿದ್ಯೆ ಎನ್ನುವುದು ಗೊತ್ತಾಗಲು ಇನ್ನೂ ಸಮಯ ಬೇಕಿತ್ತು.

1978ರಲ್ಲಿ ಐಬಿಎಂ ಭಾರತ ಬಿಟ್ಟಿತು. ಅದೇ ಹೊತ್ತಿಗೆ ಖಾಸಗಿ ಕಂಪನಿಗಳಿಗೆ ಮಿನಿ ಕಂಪ್ಯೂಟರ್ ತಯಾರಿಸಲು ಅವಕಾಶ ಸಿಕ್ಕಿತು. ಹೊರದೇಶದ ಮೈಕ್ರೊಪ್ರೊಸೆಸರ್ ತಂದು ಅದರ ಸುತ್ತ ಯಂತ್ರ ಕಟ್ಟುವುದು ಸುಲಭವಾದಾಗ ಟಿಡಿಸಿ ಸರಣಿಯ ದಿನ ಮುಗಿಯಿತು. ಇಸಿಐಎಲ್ ಮುಂದೆ ಬೇರೆ ಕೆಲಸಗಳಿಗೆ ಹೆಸರಾಯಿತು. ನೀವು ಮತ ಹಾಕುವ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದೂ ಒಂದು, ಇನ್ನೊಂದು ಬೆಂಗಳೂರಿನ ಬಿಇಎಲ್.

ಇತಿಹಾಸ ಬರೆಯುವವರು ಟಿಡಿಸಿ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಯಂತ್ರಗಳು ಮೂಲೆ ಸೇರಿದ ಮೇಲೂ ಯಂತ್ರದ ತಳಮಟ್ಟದಲ್ಲಿ ಕೂತು ಕೆಲಸ ಮಾಡಬಲ್ಲ ಜನ ಉಳಿದರು. ಇಸಿಐಎಲ್‌ನಲ್ಲಿದ್ದ ಶ್ರೀಧರ್ ಮಿಟ್ಟ 1980ರಲ್ಲಿ ಬೆಂಗಳೂರಿಗೆ ಬಂದು, ಎಣ್ಣೆ, ಸಾಬೂನು ಮಾರುತ್ತಿದ್ದ ವಿಪ್ರೊ ಕಂಪನಿಯ ಕಂಪ್ಯೂಟರ್ ವಿಭಾಗವನ್ನು ಮೊದಲ ಇಟ್ಟಿಗೆಯಿಂದ ಕಟ್ಟಿದರು. ಅವರ ಮೊದಲ ಯಂತ್ರ ಇಂಟೆಲ್‌ನ 8086 ಪ್ರೊಸೆಸರಿನ ಮೇಲೆ ನಿಂತಿತ್ತು. ಬ್ಯಾಂಕುಗಳ ಗಣಕೀಕರಣ ಕುರಿತ ರಂಗರಾಜನ್ ಸಮಿತಿಯ 1984ರ ವರದಿಯ ನಂತರದ ವರ್ಷಗಳಲ್ಲಿ ಯುನಿಕ್ಸ್‌ಗೆ ಬೇಡಿಕೆ ಬಂದಾಗ, ದೇಶದ ಕಂಪ್ಯೂಟರ್ ಕಂಪನಿಗಳು ತಮ್ಮ ತಮ್ಮ ಬೋರ್ಡುಗಳಿಗೆ ಯುನಿಕ್ಸನ್ನು ಒಗ್ಗಿಸಬೇಕಾಯಿತು. ಒಗ್ಗಿಸುವುದು ಎಂದರೆ ಬಹುಪಾಲು ಡ್ರೈವರ್ ಬರೆಯುವುದೇ.

ಹೈದರಾಬಾದಿನಲ್ಲಿ ಅದೇ ವಿದ್ಯೆಗೆ ಇನ್ನೊಂದು ತುರ್ತು ಒದಗಿತು. ವಿಮಾನ, ಕ್ಷಿಪಣಿಗಳ ಸುತ್ತ ಗಾಳಿ ಹರಿಯುವುದನ್ನು ಲೆಕ್ಕ ಹಾಕಲು ಬಲವಾದ ಕಂಪ್ಯೂಟರ್ ಬೇಕು. ಅಮೆರಿಕದ ಸೂಪರ್ ಕಂಪ್ಯೂಟರುಗಳು ಷರತ್ತಿಲ್ಲದೆ ಸಿಗುತ್ತಿರಲಿಲ್ಲ. ಬೆಂಗಳೂರಿನ ಎನ್‌ಎಎಲ್‌ನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಸಣ್ಣ ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ‘ಫ್ಲೋಸಾಲ್ವರ್’ ಯಂತ್ರ 1986ರ ಡಿಸೆಂಬರಿನಲ್ಲಿ ಸಿದ್ಧವಾಯಿತು. ಹೈದರಾಬಾದಿನ ಡಿಆರ್‌ಡಿಒ ಪ್ರಯೋಗಾಲಯ ಅನುರಾಗ್ 1988ರ ಆಗಸ್ಟಿನಲ್ಲಿ ‘ಪೇಸ್’ ಯೋಜನೆ ಕೈಗೆತ್ತಿಕೊಂಡಿತು. ಮೊದಲ ಮಾದರಿಯಲ್ಲಿದ್ದದ್ದು 16.67 ಮೆಗಾಹರ್ಟ್ಸ್‌ನ ಮೊಟೊರೊಲಾ 68020 ಪ್ರೊಸೆಸರ್. ಬಳಸಿದ ಬಸ್ಸು ವಿಎಂಇ. ಯೋಜನೆ 128 ಪ್ರೊಸೆಸರುಗಳವರೆಗೆ ಬೆಳೆಯಿತು. ಇಂತಹ ಯಂತ್ರದಲ್ಲಿ ಲೆಕ್ಕ ಮಾಡುವುದಕ್ಕಿಂತ ಕಷ್ಟ ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಒಂದೇ ಬಸ್ಸಿಗೆ ಹತ್ತುವವರು ಹೆಚ್ಚಾದಷ್ಟೂ ಕಾಯುವ ಹೊತ್ತು ಹೆಚ್ಚು. ಸಂದೇಶಗಳನ್ನು ಸಾಗಿಸುವ ತಳಮಟ್ಟದ ಪ್ರೋಗ್ರಾಮು ಸೊರಗಿದರೆ 128 ಪ್ರೊಸೆಸರುಗಳಿದ್ದೂ ಉಪಯೋಗವಿಲ್ಲ.

1990ರ ದಶಕದಲ್ಲಿ ದೃಶ್ಯ ಬದಲಾಯಿತು. 1991ರಲ್ಲಿ ಲಿನಕ್ಸ್ ಬಂತು, 1992ರಲ್ಲಿ ಇಂಟೆಲ್‌ನ ಪಿಸಿಐ ಬಸ್ಸು. ಮೊದಲೆಲ್ಲ ಯಾವ ಸಾಧನ ಎಲ್ಲಿದೆ ಎಂದು ಡ್ರೈವರ್ ಮೊದಲೇ ತಿಳಿದಿರಬೇಕಿತ್ತು. ಪಿಸಿಐ ಬಸ್ಸಿನಲ್ಲಿ ಸಾಧನವನ್ನೇ ಕೇಳಿದರೆ ಅದು ತನ್ನ ಗುರುತು ಹೇಳುತ್ತದೆ: ತಯಾರಕರ ಸಂಖ್ಯೆ ಒಂದು, ಸಾಧನದ ಸಂಖ್ಯೆ ಇನ್ನೊಂದು. ಇಂಟೆಲ್‌ನ ತಯಾರಕ ಸಂಖ್ಯೆ 8086. ಹಳೆಯ ಪ್ರೊಸೆಸರಿನ ನೆನಪು. ಲಿನಕ್ಸ್ ಕರ್ನಲ್ ಆ ಸಂಖ್ಯೆಗಳನ್ನು ತನ್ನಲ್ಲಿರುವ ಡ್ರೈವರುಗಳ ಪಟ್ಟಿಯೊಂದಿಗೆ ಹೋಲಿಸಿ, ಹೊಂದಿದ ಡ್ರೈವರನ್ನು ಕರೆದು ‘ಇವನು ನಿನ್ನವನೇ ನೋಡು’ ಎನ್ನುತ್ತದೆ. ಹೆಣ್ಣು ನೋಡುವ ಶಾಸ್ತ್ರದಂತೆ ಜಾತಕ ಕೂಡಿದ ಮೇಲೆ ಮುಖಾಮುಖಿ.

1998ರಲ್ಲಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅದೇ ವರ್ಷ ಮೈಕ್ರೊಸಾಫ್ಟ್ ತನ್ನ ಅಭಿವೃದ್ಧಿ ಕೇಂದ್ರವನ್ನು ಹೈದರಾಬಾದಿನಲ್ಲಿ ತೆರೆಯಿತು. ಕ್ವಾಲ್‌ಕಾಮ್, ಎಎಂಡಿಯಂತಹ ಚಿಪ್ ಕಂಪನಿಗಳೂ ಬಂದವು. ಇವತ್ತು ಮಾಧಾಪುರ, ಗಚ್ಚಿಬೌಲಿಗಳ ಕಚೇರಿಗಳಲ್ಲಿ ಡ್ರೈವರ್ ಬರೆಯುವವರಲ್ಲಿ ಬೀದರ, ಕಲಬುರಗಿ, ರಾಯಚೂರುಗಳಿಂದ ಹೋದ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಲಿನಕ್ಸ್ ಕರ್ನಲ್‌ಗೆ ಹೋಗುವ ಪ್ರತಿ ತಿದ್ದುಪಡಿಯ ಕೆಳಗೆ ಬರೆದವರು ತಮ್ಮ ಹೆಸರು ಹಾಕಬೇಕು. ಆ ಹೆಸರುಗಳಲ್ಲಿ ಹೈದರಾಬಾದಿನವರದು ಈಗ ಅಪರೂಪವಲ್ಲ.

ಈ ಕೆಲಸದ ಭಾರ ಎಷ್ಟು ಎಂದು ಹೊರಗಿನವರಿಗೆ ತಿಳಿಯುವುದು ತಪ್ಪಾದಾಗ ಮಾತ್ರ. 2001ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಲಿನಕ್ಸ್ ಕರ್ನಲನ್ನು ಜಾಲಾಡಿದಾಗ, ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟು ಹೆಚ್ಚಿತ್ತು. ಸಾಮಾನ್ಯ ಪ್ರೋಗ್ರಾಮು ಎಡವಿದರೆ ಅದೊಂದೇ ಬೀಳುತ್ತದೆ. ಕರ್ನಲ್‌ನೊಳಗಿನದು ಎಡವಿದರೆ ಇಡೀ ಯಂತ್ರ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಡ್ರೈವರ್ ವಿಂಡೋಸ್ ಕರ್ನಲ್‌ನಲ್ಲಿ ಎಡವಿತು. ಅದಕ್ಕೆ ಕೊಟ್ಟದ್ದು 20 ಮೌಲ್ಯಗಳು. ಅದು ಇಲ್ಲದ 21ನೆಯದನ್ನು ಓದಲು ಹೋಯಿತು. ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ಅದು ಯಾವ ಬಸ್ಸಿನ ಸಾಧನಕ್ಕೂ ಸೇರಿದ ಡ್ರೈವರಲ್ಲ, ಆದರೆ ಕೂತ ಜಾಗ ಅದೇ. ಆ ದಿನ ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹೊರಟ ಪ್ರಯಾಣಿಕರೊಬ್ಬರಿಗೆ ಸಿಕ್ಕಿದ್ದು ಪೆನ್ನಿನಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್. ಅದರ ಚಿತ್ರವನ್ನು ಜಗತ್ತೆಲ್ಲ ನೋಡಿತು.

ಈಗ ಎರಡು ಕಾಲಗಳನ್ನು ಪಕ್ಕಪಕ್ಕ ಇಡೋಣ. 1975ರಲ್ಲಿ ಬಸ್ಸು ನಮ್ಮದಾಗಿತ್ತು, ಡ್ರೈವರುಗಳಿಗೆ ಬರವಿತ್ತು. ಇವತ್ತು ಡ್ರೈವರ್ ಬರೆಯುವವರಿಗೆ ಕೊರತೆಯಿಲ್ಲ, ಬಸ್ಸು ನಮ್ಮದಲ್ಲ. ಪಿಸಿಐ ಬಸ್ಸಿನಲ್ಲಿ ಹತ್ತಲು ಬೇಕಾದ ತಯಾರಕ ಸಂಖ್ಯೆಯನ್ನು ಕೊಡುವುದು ಅಮೆರಿಕದಲ್ಲಿರುವ ಒಂದು ಒಕ್ಕೂಟ, ಅದೂ ಸದಸ್ಯರಿಗೆ. ಚಿಪ್ಪಿನ ಒಳಗುಟ್ಟು ಹೇಳುವ ಕೈಪಿಡಿಗಳು ಎಷ್ಟೋ ಸಲ ‘ಯಾರಿಗೂ ತೋರಿಸುವುದಿಲ್ಲ’ ಎಂದು ಸಹಿ ಹಾಕಿದವರ ಕೈಗೆ ಮಾತ್ರ ಸಿಗುತ್ತವೆ. ಹೈದರಾಬಾದಿನ ಎಂಜಿನಿಯರ್ ಆ ಯಂತ್ರವನ್ನು ಅದರ ಮಾಲೀಕರಿಗಿಂತ ಚೆನ್ನಾಗಿ ಬಲ್ಲವಳಾಗಿರಬಹುದು. ಆದರೆ ನಾಳೆ ಆ ಬಸ್ಸಿನ ಮಾರ್ಗ ಬದಲಾದರೆ ನಿರ್ಧರಿಸುವವಳು ಅವಳಲ್ಲ.

ಈ ಎರಡು ತುದಿಗಳನ್ನು ಕೂಡಿಸುವ ಪ್ರಯತ್ನಗಳು ನಡೆದಿವೆ. ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದ ಮೇಲೆ ಐಐಟಿ ಮದ್ರಾಸ್ ‘ಶಕ್ತಿ’ ಪ್ರೊಸೆಸರುಗಳನ್ನೂ ಸಿ-ಡ್ಯಾಕ್ ‘ವೇಗ’ ಪ್ರೊಸೆಸರುಗಳನ್ನೂ ರೂಪಿಸಿವೆ. ಅವು ಟಿಡಿಸಿಯ ದಾರಿ ಹಿಡಿಯುತ್ತವೆಯೇ ಎಂದು ನಿರ್ಧಾರವಾಗುವುದು ಚಿಪ್ ಬಿಡುಗಡೆಯ ಸಮಾರಂಭದಲ್ಲಲ್ಲ. ಆ ಚಿಪ್ಪಿಗೆ ಜೋಡಿಸಿದ ಪ್ರತಿ ಡಿಸ್ಕು, ಪ್ರತಿ ಕ್ಯಾಮೆರಾ, ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಡ್ರೈವರ್ ಸಿದ್ಧವಿದೆಯೇ, ಅದನ್ನು ಹತ್ತು ವರ್ಷ ತಿದ್ದುತ್ತ ಕೂರುವವರಿಗೆ ಸಂಬಳ ಕೊಡುವವರಿದ್ದಾರೆಯೇ ಎನ್ನುವುದರಲ್ಲಿ. 1975ರ ಹೈದರಾಬಾದಿನಲ್ಲಿ ಇರದಿದ್ದದ್ದು ಆ ಜನ. ಈಗ ಅವರು ಅಲ್ಲೇ ಇದ್ದಾರೆ, ಇಸಿಐಎಲ್ ಕ್ರಾಸ್‌ರೋಡಿನಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವರ ನಡುವೆ.