ಯೇಸು ಕ್ರಿಸ್ತನ ದೈವ ಮತ್ತು ಮಾನವ ಸ್ವಭಾವಗಳು

ಯೇಸು ಕ್ರಿಸ್ತನು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು. ಆದರೂ ಆತ ಒಬ್ಬನೇ ವ್ಯಕ್ತಿ ಎಂಬುದು ಕ್ರೈಸ್ತ ದೇವಶಾಸ್ತ್ರದ ಮೂಲ ಸಿದ್ಧಾಂತಗಳಲ್ಲೊಂದು. ಇದಕ್ಕೆ ಖಚಿತ ರೂಪ ಸಿಕ್ಕಿದ್ದು ಕ್ರಿ.ಶ. 451ರ ಕಾಲ್ಸೆಡಾನ್ ಮಹಾಸಭೆಯಲ್ಲಿ. ಅದಕ್ಕೂ ಹಿಂದೆ ನಡೆದ ದೀರ್ಘ ವಾದಗಳ ಬೇರಿನಲ್ಲಿದ್ದ ಪ್ರಶ್ನೆ ರಕ್ಷಣೆಯದು: ಮನುಷ್ಯನನ್ನು ಪಾಪ ಮರಣಗಳಿಂದ ಬಿಡಿಸಬಲ್ಲವನು ಯಾರಾಗಿರಬೇಕು?

ಆರಂಭ

ಸುವಾರ್ತೆಗಳಲ್ಲಿ ಯೇಸು ಹಸಿಯುತ್ತಾನೆ, ದಣಿಯುತ್ತಾನೆ, ಲಾಜರನ ಸಮಾಧಿಯ ಬಳಿ ಅಳುತ್ತಾನೆ, ಶಿಲುಬೆಯ ಮೇಲೆ ಸಾಯುತ್ತಾನೆ. ಅವೇ ಗ್ರಂಥಗಳಲ್ಲಿ ಪಾಪಗಳನ್ನು ಕ್ಷಮಿಸುತ್ತಾನೆ. ಯೊವಾನ್ನನ ಸುವಾರ್ತೆ ಆತನನ್ನು ದೇವರೊಂದಿಗೆ ಆದಿಯಿಂದಲೂ ಇದ್ದ ವಾಕ್ಯವೆಂದು ಸಾರುತ್ತದೆ. ಈ ಎರಡು ಮುಖಗಳಲ್ಲಿ ಒಂದನ್ನು ಬಿಟ್ಟುಕೊಟ್ಟ ಪಂಥಗಳು ಬೇಗನೆ ಹುಟ್ಟಿದವು. ಯೆಹೂದಿ ಹಿನ್ನೆಲೆಯ ಎಬಿಯೋನೈಟರು ಯೇಸುವನ್ನು ಮನುಷ್ಯನೆಂದಷ್ಟೇ ಕಂಡರು. ಡೊಸೆಟಿಕ್ ಪಂಥದವರು ಆತನ ದೇಹ ಬರಿಯ ತೋರಿಕೆ ಎಂದರು. 2ನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಯೇಸುವಿನ ಜನನವೂ ಯಾತನೆಯೂ ನಿಜವೆಂದು ತನ್ನ ಪತ್ರಗಳಲ್ಲಿ ಒತ್ತಿ ಹೇಳಿದ. 3ನೆಯ ಶತಮಾನದಲ್ಲಿ ಕಾರ್ಥೇಜಿನ ಟೆರ್ಟುಲಿಯನ್ ಒಬ್ಬ ವ್ಯಕ್ತಿ, ಎರಡು ತತ್ತ್ವಗಳು ಎಂಬ ಪರಿಭಾಷೆಯನ್ನು ಲ್ಯಾಟಿನ್ ಜಗತ್ತಿಗೆ ಕೊಟ್ಟ.

ನೈಸಿಯಾದಿಂದ ಎಫೆಸದವರೆಗೆ

ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ದೇವರ ಸುತನಾದ ಕ್ರಿಸ್ತನು ಸೃಷ್ಟಿಗಳಲ್ಲಿ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ಬೋಧಿಸಿದ. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಕರೆದ ನೈಸಿಯಾ ಮಹಾಸಭೆ ಇದನ್ನು ತಳ್ಳಿಹಾಕಿ, ಸುತನು ಪಿತನೊಂದಿಗೆ ಏಕತತ್ತ್ವನು ಎಂದು ಘೋಷಿಸಿತು. ತಾನೇ ಸೃಷ್ಟಿಯಾದವನು ಮನುಷ್ಯನನ್ನು ದೇವರೊಡನೆ ಸೇರಿಸಲಾರ ಎಂಬುದು ಈ ನಿಲುವಿನ ಪ್ರಬಲ ಸಮರ್ಥಕ ಅಥನೇಷಿಯಸನ ವಾದ.

ದೈವತ್ವ ನಿರ್ಧಾರವಾದ ಮೇಲೆ ಮಾನವತ್ವದ ಪ್ರಶ್ನೆ ಎದ್ದಿತು. ಲವೊದಿಕಿಯದ ಅಪೊಲಿನೇರಿಸ್, ಕ್ರಿಸ್ತನಲ್ಲಿ ಮಾನವ ಮನಸ್ಸಿನ ಸ್ಥಾನವನ್ನು ದೈವವಾಕ್ಯವೇ ತುಂಬಿತ್ತು ಎಂದ. ಕ್ರಿಸ್ತ ಧರಿಸದಿದ್ದುದು ಗುಣವಾಗದೆ ಉಳಿಯುತ್ತದೆ, ಹಾಗಾದರೆ ಮಾನವ ಮನಸ್ಸಿಗೆ ರಕ್ಷಣೆಯಿಲ್ಲ ಎಂದು ನಾಝಿಯಾಂಜಸಿನ ಗ್ರೆಗರಿ ಪ್ರತಿವಾದಿಸಿದ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅಪೊಲಿನೇರಿಸನ ಮತವನ್ನು ಖಂಡಿಸಿತು.

ಮುಂದಿನ ವಿವಾದ ಎರಡು ಸ್ವಭಾವಗಳ ಸಂಬಂಧದ್ದು. ಅಂತಿಯೋಕ್ಯದ ಪಂಡಿತರು ಅವುಗಳ ಭೇದಕ್ಕೂ ಅಲೆಕ್ಸಾಂಡ್ರಿಯದವರು ಐಕ್ಯಕ್ಕೂ ಒತ್ತು ಕೊಟ್ಟರು. 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆದ ನೆಸ್ಟೋರಿಯಸ್, ಮರಿಯಳನ್ನು ದೇವಮಾತೆ ಎನ್ನುವ ಬದಲು ಕ್ರಿಸ್ತಮಾತೆ ಎನ್ನುವುದು ಮೇಲು ಎಂದ. ಇದು ಕ್ರಿಸ್ತನನ್ನು ಇಬ್ಬರನ್ನಾಗಿ ಒಡೆಯುತ್ತದೆ ಎಂದು ಅಲೆಕ್ಸಾಂಡ್ರಿಯದ ಸಿರಿಲ್ ವಿರೋಧಿಸಿದ. 431ರ ಎಫೆಸ ಮಹಾಸಭೆಯಲ್ಲಿ ನೆಸ್ಟೋರಿಯಸ್ ಪದಚ್ಯುತನಾದ.

ಕಾಲ್ಸೆಡಾನ್ ನಿರ್ಣಯ

ಕಾನ್‌ಸ್ಟಾಂಟಿನೋಪಲಿನ ಮಠಾಧಿಪತಿ ಯೂಟಿಕಿಸ್ ಇನ್ನೊಂದು ತುದಿಗೆ ಹೋಗಿ, ಐಕ್ಯದ ನಂತರ ಇರುವುದು ಒಂದೇ ಸ್ವಭಾವ ಎಂದ. 448ರಲ್ಲಿ ಸ್ಥಳೀಯ ಸಭೆಯೊಂದು ಅವನನ್ನು ಖಂಡಿಸಿತು; 449ರಲ್ಲಿ ಎಫೆಸದಲ್ಲಿ ಸೇರಿದ ಸಭೆ ಅವನನ್ನು ಎತ್ತಿಹಿಡಿಯಿತು. ಎರಡು ಸ್ವಭಾವಗಳನ್ನು ವಿವರಿಸಿ ಪೋಪ್ ಲಿಯೋ ಬರೆದ ಪತ್ರವನ್ನು ಅಲ್ಲಿ ಓದಲೇ ಇಲ್ಲ. ಮರುವರ್ಷ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ತೀರಿಕೊಂಡ. ಅವನ ನಂತರ ಬಂದ ಮಾರ್ಸಿಯನ್, ಈಗಿನ ಇಸ್ತಾಂಬುಲಿನ ಭಾಗವಾಗಿರುವ ಕಾಲ್ಸೆಡಾನಿನಲ್ಲಿ 451ರ ಅಕ್ಟೋಬರಿನಲ್ಲಿ ಹೊಸ ಮಹಾಸಭೆ ಸೇರಿಸಿದ. ಒಬ್ಬನೇ ಕ್ರಿಸ್ತನಲ್ಲಿ ಎರಡು ಸ್ವಭಾವಗಳು ಬೆರಕೆಯಿಲ್ಲದೆ, ಮಾರ್ಪಾಡಿಲ್ಲದೆ, ವಿಭಜನೆಯಿಲ್ಲದೆ, ಅಗಲಿಕೆಯಿಲ್ಲದೆ ಇವೆ ಎಂದು ಅದು ನಿರ್ಣಯಿಸಿತು. ಮೊದಲೆರಡು ಮಾತು ಯೂಟಿಕಿಸನ ಮತಕ್ಕೆ ತಡೆ, ಉಳಿದೆರಡು ನೆಸ್ಟೋರಿಯಸನದೆಂದು ಭಾವಿಸಲಾದ ಮತಕ್ಕೆ. ಐಕ್ಯ ಹೇಗೆ ಸಾಧ್ಯ ಎಂಬುದನ್ನು ಬಿಡಿಸಿ ಹೇಳದೆ, ವಿಶ್ವಾಸವು ದಾಟಬಾರದ ಎಲ್ಲೆಗಳನ್ನು ಗುರುತಿಸಿದ್ದು ಈ ನಿರ್ಣಯದ ಶಕ್ತಿ.

ಒಡಕು ಮತ್ತು ಮುಂದಿನ ಬೆಳವಣಿಗೆ

ಈಜಿಪ್ಟಿನ ಕಾಪ್ಟಿಕ್, ಸಿರಿಯಾಕ್, ಅರ್ಮೇನಿಯನ್, ಇಥಿಯೋಪಿಯನ್ ಸಭೆಗಳು ಕಾಲ್ಸೆಡಾನನ್ನು ಒಪ್ಪಲಿಲ್ಲ. ದೈವ ಮಾನವಗಳೆರಡೂ ಕೂಡಿದ ಒಂದೇ ಸ್ವಭಾವ ಎಂಬ ಸಿರಿಲನ ಮಾತಿಗೆ ಅಂಟಿಕೊಂಡ ಇವು ಯೂಟಿಕಿಸನನ್ನೂ ತಿರಸ್ಕರಿಸುತ್ತವೆ. ಪರ್ಷಿಯದ ಪೂರ್ವ ಸಭೆ ನೆಸ್ಟೋರಿಯಸನನ್ನು ಗೌರವಿಸುತ್ತ ಬಂದಿತು. 7ನೆಯ ಶತಮಾನದಲ್ಲಿ, ಕ್ರಿಸ್ತನಿಗೆ ಒಂದೇ ಸಂಕಲ್ಪ ಎಂಬ ರಾಜಿಸೂತ್ರವನ್ನು ಚಕ್ರವರ್ತಿಗಳು ಮುಂದಿಟ್ಟರು. ಅದನ್ನು ಎದುರಿಸಿದ ಸನ್ಯಾಸಿ ಮ್ಯಾಕ್ಸಿಮಸ್ ನಾಲಗೆಯನ್ನೂ ಬಲಗೈಯನ್ನೂ ಕಳೆದುಕೊಂಡು 662ರಲ್ಲಿ ಗಡೀಪಾರಿನಲ್ಲಿ ಸತ್ತ. 680–81ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಮತ್ತೆ ಸೇರಿದ ಮಹಾಸಭೆ ಎರಡು ಸಂಕಲ್ಪಗಳೆಂಬ ಅವನ ನಿಲುವನ್ನೇ ಸ್ವೀಕರಿಸಿತು. 16ನೆಯ ಶತಮಾನದ ಸುಧಾರಕರಾದ ಲೂಥರ್ ಮತ್ತು ಕ್ಯಾಲ್ವಿನ್ ಕಾಲ್ಸೆಡಾನ್ ನಿರ್ಣಯವನ್ನು ಉಳಿಸಿಕೊಂಡರು.

ಭಾರತದಲ್ಲಿ ಈ ಪರಂಪರೆಗಳ ಗುರುತು ಇಂದಿಗೂ ಇದೆ. ಕೇರಳದ ಸಂತ ತೋಮಸರ ಕ್ರೈಸ್ತರಿಗೆ ಪೂರ್ವ ಸಭೆಯ ನಂಟಿತ್ತು. ಪೋರ್ಚುಗೀಸ್ ಮಿಷನರಿಗಳ ಅಧಿಕಾರವನ್ನು ತಿರಸ್ಕರಿಸಿದ 1653ರ ಕೂನನ್ ಶಿಲುಬೆಯ ಪ್ರತಿಜ್ಞೆಯ ತರುವಾಯ ಅವರಲ್ಲಿ ಒಂದು ಭಾಗ ಸಿರಿಯಾಕ್ ಆರ್ಥೊಡಾಕ್ಸ್ ಸಭೆಯತ್ತ ಹೊರಳಿತು. ಉಡುಪಿ ಜಿಲ್ಲೆಯ ಬ್ರಹ್ಮಾವರದ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಮುದಾಯವೂ ಮಲಂಕರ ಆರ್ಥೊಡಾಕ್ಸ್ ಸಭೆಯ ಮೂಲಕ ಇದೇ ಪರಂಪರೆಗೆ ಸೇರಿದೆ.

20ನೆಯ ಶತಮಾನದಲ್ಲಿ ಸಂಧಾನದ ಹಾದಿ ತೆರೆಯಿತು. 1973ರಲ್ಲಿ ಪೋಪ್ ಆರನೆಯ ಪಾಲ್ ಮತ್ತು ಕಾಪ್ಟಿಕ್ ಪೋಪ್ ಮೂರನೆಯ ಶೆನೌಡ, 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಪೂರ್ವ ಸಭೆಯ ನಾಲ್ಕನೆಯ ಮಾರ್ ದಿಂಖ ಜಂಟಿ ಘೋಷಣೆಗಳಿಗೆ ಸಹಿ ಹಾಕಿದರು. ಪರಿಭಾಷೆ ಬೇರೆಯಾದರೂ, ಕ್ರಿಸ್ತನು ಪೂರ್ಣ ದೇವರು ಮತ್ತು ಪೂರ್ಣ ಮನುಷ್ಯ ಎಂಬ ವಿಶ್ವಾಸವನ್ನು ಎರಡೂ ಘೋಷಣೆಗಳು ಒಟ್ಟಾಗಿ ಸಾರಿದವು.