ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಪ್ರೋಟಾನ್: ಒಂದು ಭರವಸೆಯ ಚರಿತ್ರೆ

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂಭಾಗಕ್ಕೆ ತಾಗಿಕೊಂಡಂತೆ, ದೊಡ್ಡ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ ಇದೆ. ಅದೇ ಪ್ರಾಸ್ಟೇಟ್. ವಯಸ್ಸಾದವರಲ್ಲಿ ಇದಕ್ಕೆ ಕ್ಯಾನ್ಸರ್ ಬರುವುದುಂಟು. ವಿಕಿರಣದಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಹುದು. ಆದರೆ ಕೆಲವೇ ಮಿಲಿಮೀಟರ್ ಹಿಂದಿರುವ ಗುದನಾಳಕ್ಕೆ ಪೆಟ್ಟು ಬಿದ್ದರೆ ರಕ್ತಸ್ರಾವದಂಥ ತೊಂದರೆಗಳು ತಲೆದೋರುತ್ತವೆ. ಗಂತಿಯವರೆಗೆ ಹೋಗಿ ಅಲ್ಲಿಯೇ ನಿಂತುಬಿಡುವ ವಿಕಿರಣ ಇದ್ದರೆ ಎಷ್ಟು ಚೆನ್ನ, ಅಲ್ಲವೆ?

ವಿಲ್ಸನ್ ಅವರ ಲೇಖನ

ಅಂಥದೊಂದು ವಿಕಿರಣವನ್ನು 1946ರಲ್ಲಿ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ಯುದ್ಧಕಾಲದಲ್ಲಿ ಪರಮಾಣು ಬಾಂಬಿನ ಯೋಜನೆಯಲ್ಲಿ ದುಡಿದಿದ್ದ ಅವರು ಆಗ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಹೊಸ ಸೈಕ್ಲೊಟ್ರಾನಿನ ವಿನ್ಯಾಸದಲ್ಲಿ ತೊಡಗಿದ್ದರು.

ಎಕ್ಸ್-ಕಿರಣ ದೇಹವನ್ನು ಹೊಕ್ಕಾಗ ಚರ್ಮದಿಂದ ಸ್ವಲ್ಪ ಒಳಗೆ ಹೆಚ್ಚು ಶಕ್ತಿಯನ್ನು ಬಿಟ್ಟು, ಮುಂದೆ ಕ್ರಮೇಣ ಕ್ಷೀಣಿಸುತ್ತ, ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಅದು ಧನ ವಿದ್ಯುದಾವೇಶವುಳ್ಳ ಭಾರವಾದ ಕಣ. ವೇಗವಾಗಿ ಸಾಗುವಾಗ ದಾರಿಯ ಪ್ರತಿ ಪರಮಾಣುವಿನ ಬಳಿ ಅದು ಇರುವ ಕಾಲ ತೀರ ಅಲ್ಪ. ಹಾಗಾಗಿ ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ವೇಗ ತಗ್ಗಿದಂತೆ ಶಕ್ತಿ ಬಿಡುವ ಪ್ರಮಾಣ ಹೆಚ್ಚುತ್ತದೆ. ನಿಲ್ಲುವ ಮುನ್ನ ಗರಿಷ್ಠ ಮಟ್ಟಕ್ಕೇರಿ ಥಟ್ಟನೆ ಸೊನ್ನೆಗಿಳಿಯುತ್ತದೆ. ನಕ್ಷೆಯಲ್ಲಿ ಕಾಣುವ ಈ ಶಿಖರಕ್ಕೆ ಬ್ರಾಗ್ ಶಿಖರವೆಂದು ಹೆಸರು. ವಿಲಿಯಂ ಬ್ರಾಗ್ 20ನೆಯ ಶತಮಾನದ ಆರಂಭದಲ್ಲಿ ಆಲ್ಫಾ ಕಣಗಳಲ್ಲಿ ಇದನ್ನು ಗುರುತಿಸಿದ್ದರು. ಪ್ರೋಟಾನಿನ ಆರಂಭಿಕ ಶಕ್ತಿಯನ್ನು ಬದಲಿಸಿದರೆ ಶಿಖರದ ಆಳವೂ ಬದಲಾಗುತ್ತದೆ.

ಪ್ರಾಸ್ಟೇಟ್‌ವರೆಗಿನ ದಾರಿ

1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, 1957ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮನುಷ್ಯರಿಗೆ ಪ್ರೋಟಾನ್ ಚಿಕಿತ್ಸೆ ನೀಡಲಾಯಿತು. 1961ರಲ್ಲಿ ಹಾರ್ವರ್ಡ್ ಸೈಕ್ಲೊಟ್ರಾನ್ ಕೂಡ ರೋಗಿಗಳಿಗೆ ತೆರೆಯಿತು. 1970ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಅದನ್ನೇ ಪ್ರಾಸ್ಟೇಟ್ ಕ್ಯಾನ್ಸರಿಗೆ ಬಳಸಿದರು.

ಅಲ್ಲೊಂದು ತೊಡಕಿತ್ತು. ಆ ಯಂತ್ರದ ಪ್ರೋಟಾನುಗಳ ಶಕ್ತಿ ಸುಮಾರು 160 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ದೇಹದಲ್ಲಿ ಅವು ಸಾಗುವ ದೂರ 16-17 ಸೆಂ.ಮೀ. ಸೊಂಟದ ಪಕ್ಕದಿಂದ ಪ್ರಾಸ್ಟೇಟನ್ನು ದಾಟಲು ಸುಮಾರು 25 ಸೆಂ.ಮೀ. ಬೇಕು. ಆದ್ದರಿಂದ ವೃಷಣ ಮತ್ತು ಗುದದ್ವಾರಗಳ ನಡುವಿನ ಭಾಗದಿಂದ ಕಿರಣವನ್ನು ಹಾಯಿಸಬೇಕಾಯಿತು. 1982ರಿಂದ 1992ರವರೆಗೆ 202 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಎಲ್ಲರಿಗೂ ಎಕ್ಸ್-ಕಿರಣ ಚಿಕಿತ್ಸೆ ಕೊಟ್ಟು, ಒಂದು ಗುಂಪಿಗೆ ಪ್ರೋಟಾನಿನಿಂದ ಒಟ್ಟು ಪ್ರಮಾಣವನ್ನು ಹೆಚ್ಚಿಸಲಾಯಿತು. ಫಲಿತಾಂಶ 1995ರಲ್ಲಿ ಬಂತು. ಹೆಚ್ಚು ಪ್ರಮಾಣ ಪಡೆದವರ ಆಯುಸ್ಸು ಒಟ್ಟಾರೆ ಹೆಚ್ಚಿರಲಿಲ್ಲ. ಗುದನಾಳದ ರಕ್ತಸ್ರಾವ ಮಾತ್ರ ಹೆಚ್ಚಾಗಿತ್ತು.

ಅಷ್ಟರಲ್ಲಿ, 1990ರಲ್ಲಿ, ಕ್ಯಾಲಿಫೋರ್ನಿಯಾದ ಲೋಮ ಲಿಂಡ ಆಸ್ಪತ್ರೆಯಲ್ಲಿ 250 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಯಂತ್ರ ಕೆಲಸ ಆರಂಭಿಸಿತ್ತು. ಅದನ್ನು ನಿರ್ಮಿಸಿಕೊಟ್ಟದ್ದು ವಿಲ್ಸನ್ ಅವರೇ ಮೊದಲ ನಿರ್ದೇಶಕರಾಗಿದ್ದ ಫರ್ಮಿಲ್ಯಾಬ್. ಈಗ ಸೊಂಟದ ಎರಡೂ ಪಕ್ಕಗಳಿಂದ ಕಿರಣ ಹಾಯಿಸುವುದು ಸಾಧ್ಯವಾಯಿತು.

ರೋಗಿ ಮೇಜಿನ ಮೇಲೆ

ಚಿಕಿತ್ಸೆ ಹೇಗಿರುತ್ತಿತ್ತು? ರೋಗಿ ವಾರಕ್ಕೆ ಐದು ದಿನದಂತೆ ಎಂಟು-ಒಂಬತ್ತು ವಾರ ಬರಬೇಕಿತ್ತು. ಮೂತ್ರಕೋಶ ತುಂಬಿರಬೇಕು. ತನ್ನ ದೇಹಕ್ಕೆಂದೇ ತಯಾರಾದ ಅಚ್ಚಿನಲ್ಲಿ ಅಲುಗಾಡದೆ ಮಲಗಬೇಕು. ಪ್ರಾಸ್ಟೇಟ್ ಸರಿಯದಂತೆ ಗುದನಾಳದೊಳಗೆ ನೀರು ತುಂಬಿದ ಸಣ್ಣ ಬಲೂನನ್ನು ಇಡುತ್ತಿದ್ದರು. ಇಷ್ಟೆಲ್ಲ ಸಿದ್ಧತೆಯ ನಂತರ ಕಿರಣ ಹಾಯುವುದು ಒಂದೆರಡು ನಿಮಿಷ ಮಾತ್ರ. ಆಗ ನೋವೇನೂ ಆಗುವುದಿಲ್ಲ. ಈಗ ಅನೇಕ ಕೇಂದ್ರಗಳಲ್ಲಿ ಚಿಕಿತ್ಸೆಯ ದಿನಗಳ ಸಂಖ್ಯೆ ಕಡಿಮೆಯಾಗಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ರೋಟಾನ್ ನಿಂತುಬಿಡುವುದಾದರೆ ಮುಂದಿನಿಂದ ಹಾಯಿಸಿ, ಗುದನಾಳಕ್ಕೆ ಮುನ್ನವೇ ನಿಲ್ಲಿಸಬಹುದಲ್ಲ? ಮೂತ್ರಕೋಶ ತುಂಬುತ್ತದೆ, ಗುದನಾಳದಲ್ಲಿ ವಾಯು ಸೇರುತ್ತದೆ, ಗ್ರಂಥಿ ಜರುಗುತ್ತದೆ. ಪ್ರೋಟಾನ್ ನಿಲ್ಲುವ ಜಾಗದ ಲೆಕ್ಕದಲ್ಲಿಯೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಅಷ್ಟು ತಪ್ಪಿದರೆ ಶಿಖರವೇ ಗುದನಾಳದ ಮೇಲೆ ಬೀಳುತ್ತದೆ! ಆದ್ದರಿಂದ ಸಾಮಾನ್ಯವಾಗಿ ಪಕ್ಕಗಳಿಂದಲೇ ಹಾಯಿಸುತ್ತಾರೆ. ಹೀಗೆ ಮಾಡಿದಾಗ ಗುದನಾಳದ ಕಡೆಗೆ ಇರುವುದು ಕಿರಣದ ತುದಿಯಲ್ಲ, ಅಂಚು. ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಪ್ರೋಟಾನುಗಳು ಚದರಿ ಅಂಚು ಮಸುಕಾಗಿರುತ್ತದೆ. ಪ್ರೋಟಾನಿನ ವಿಶೇಷ ಗುಣ ಬೇಕಾದ ಕಡೆಯಲ್ಲಿಯೇ ಒದಗುವುದಿಲ್ಲ.

ಇತ್ತ ಎಕ್ಸ್-ಕಿರಣ ತಂತ್ರವೂ ಸುಧಾರಿಸಿತು. ಹಲವು ದಿಕ್ಕುಗಳಿಂದ, ಬೇಕಾದಂತೆ ತೀವ್ರತೆಯನ್ನು ಬದಲಿಸಿ ಕಿರಣ ಹಾಯಿಸುವುದನ್ನು ಕಂಪ್ಯೂಟರ್ ಸಾಧ್ಯಗೊಳಿಸಿತು. ಈ ಎರಡನ್ನೂ ನೇರವಾಗಿ ಹೋಲಿಸಲು ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಪ್ರಯೋಗದಲ್ಲಿ 450 ರೋಗಿಗಳು ಪಾಲ್ಗೊಂಡರು. 2024ರಲ್ಲಿ ಬಂದ ಫಲಿತಾಂಶವೇನು? ರೋಗದ ಹತೋಟಿಯಲ್ಲಾಗಲಿ, ಎರಡು ವರ್ಷಗಳ ನಂತರ ಕರುಳಿನ ಸ್ಥಿತಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಎರಡೂ ಚೆನ್ನಾಗಿಯೇ ಕೆಲಸ ಮಾಡಿದ್ದವು.

ನಮ್ಮ ದೇಶದಲ್ಲಿ 2019ರಿಂದ ಚೆನ್ನೈಯಲ್ಲಿ, 2023ರಿಂದ ನವಿ ಮುಂಬೈಯ ಟಾಟಾ ಸ್ಮಾರಕ ಕೇಂದ್ರದಲ್ಲಿ ಪ್ರೋಟಾನ್ ಚಿಕಿತ್ಸೆ ದೊರೆಯುತ್ತಿದೆ. ಇದು ದುಬಾರಿ ಚಿಕಿತ್ಸೆ. ಬೆಳೆಯುವ ಮಕ್ಕಳ ಮಿದುಳಿನ ಗಂತಿ, ತಲೆಬುರುಡೆಯ ತಳದ ಗಂತಿ ಮುಂತಾದವುಗಳಲ್ಲಿ ಇದರ ಪ್ರಯೋಜನ ಹೆಚ್ಚು ಸ್ಪಷ್ಟ. ಆದ್ದರಿಂದ ಯಾವ ರೋಗಿಗೆ ಪ್ರೋಟಾನ್ ಎಂಬುದನ್ನು ವಿವೇಚಿಸಿಯೇ ನಿರ್ಧರಿಸಬೇಕು.

ಅಧ್ಯಾಪಕರು ಬ್ರಾಗ್ ಶಿಖರದ ನಕ್ಷೆಯನ್ನು ಕಪ್ಪು ಹಲಗೆಯ ಮೇಲೆ ಬರೆಯುವಾಗ, ಅದರ ಪಕ್ಕದಲ್ಲಿ ಪ್ರಾಸ್ಟೇಟ್ ಮತ್ತು ಗುದನಾಳಗಳನ್ನೂ ಬರೆಯಲಿ. ಕಿರಣ ಯಾವ ಕಡೆಯಿಂದ ಬರಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಲಿ. ವಿಲ್ಸನ್ ಅವರ ನಕ್ಷೆ 1946ರಲ್ಲಿಯೂ ಸರಿಯಿತ್ತು, ಇಂದೂ ಸರಿಯಿದೆ. ಅದರಿಂದ ರೋಗಿಗೆ ಎಷ್ಟು ಲಾಭ ಎಂಬುದನ್ನು ಮಾತ್ರ ರೋಗಿಗಳನ್ನು ಹೋಲಿಸಿಯೇ ತಿಳಿಯಬೇಕಾಯಿತು.